ಹೆರಿಗೆ ಕೋಣೆಗೆ ಬರುವ ಹಳೆಯ ಗಾಯ: ಕೇಳಿ ಮುಟ್ಟುವುದನ್ನು ಕಲಿಯಲು ಹಿಡಿದ ಕಾಲ

ಹೆರಿಗೆ ಕೋಣೆಯಲ್ಲಿ ದಿನಕ್ಕೆ ಎಷ್ಟೋ ಸಲ ಕೇಳುವ ಮಾತುಗಳಿವೆ. "ಮೈ ಸಡಿಲ ಬಿಡು." "ಅಲ್ಲಾಡಬೇಡ." "ಸುಮ್ನೆ ಇರು, ಈಗ ಮುಗಿಯುತ್ತೆ." ಹೇಳುವವರಿಗೆ ಇವು ಸಮಾಧಾನದ ಮಾತು. ಆದರೆ ಇದೇ ಮಾತನ್ನು ಇನ್ಯಾವುದೋ ಕೋಣೆಯಲ್ಲಿ, ಇನ್ಯಾರದೋ ಬಾಯಿಂದ ಕೇಳಿದ್ದ ಹೆಂಗಸಿಗೆ? ಅವಳ ಮೈ ಕಲ್ಲಾಗುತ್ತದೆ. ಯಾಕೆಂದು ಕೆಲವೊಮ್ಮೆ ಅವಳಿಗೇ ತಿಳಿಯುವುದಿಲ್ಲ.

ಇಂಥವರು ಅಪರೂಪವೇನಲ್ಲ. ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನೋ, ಬೇರೆಯವರಿಂದ ಲೈಂಗಿಕ ಹಿಂಸೆಯನ್ನೋ ಅನುಭವಿಸಿದವರು ಜಗತ್ತಿನಲ್ಲಿ ಸುಮಾರು ಮೂವರು ಹೆಂಗಸರಲ್ಲಿ ಒಬ್ಬರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಎಷ್ಟೋ ಜನ ತಾಯಿಯಾಗುತ್ತಾರೆ. ಅವರನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಮಾತ್ರ ಸಿಕ್ಕುಸಿಕ್ಕಾಗಿದೆ. ಎಲ್ಲ ಬಸುರಿಯರನ್ನೂ "ಹಿಂದೆ ಹೀಗೇನಾದರೂ ಆಗಿತ್ತಾ" ಎಂದು ಕೇಳಬೇಕೇ? ಕೇಳದೆಯೇ ಜೋಪಾನ ಮಾಡಬೇಕೇ? ಇದು ವೈದ್ಯರ ಕೆಲಸವೋ, ಆಪ್ತಸಮಾಲೋಚಕರದೋ? ಸ್ವಲ್ಪ ಹಿಂದಕ್ಕೆ ಹೋದರೆ ಸಿಕ್ಕು ಎಲ್ಲಿ ಬಿತ್ತು ಎಂಬುದು ಕಾಣುತ್ತದೆ.

ಇಲ್ಲಿ ಎರಡು ಕಥೆಗಳಿವೆ. ಬಹಳ ಕಾಲ ಅವು ಒಂದಕ್ಕೊಂದು ಎದುರಾಗಲೇ ಇಲ್ಲ.

ಒಂದು, ಹೆರಿಗೆಯ ಕಥೆ. ಇಪ್ಪತ್ತನೆಯ ಶತಮಾನದಲ್ಲಿ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಯಿತು. ಜೀವಗಳು ಉಳಿದವು, ಅದು ಸಣ್ಣ ಮಾತಲ್ಲ. ಅದೇ ಹೊತ್ತಿಗೆ ಜರ್ಮನಿಯ ಫ್ರೈಬರ್ಗ್‌ನಲ್ಲಿ 1906ರ ಸುಮಾರಿಗೆ ಮಾರ್ಫಿನ್ ಮತ್ತು ಸ್ಕೋಪಾಲಮಿನ್ ಕೊಟ್ಟು ಹೆರಿಗೆ ಮಾಡಿಸುವ ಪದ್ಧತಿ ಹೆಸರು ಮಾಡಿತು. ನೋವು ಪೂರ್ತಿ ಹೋಗುತ್ತಿರಲಿಲ್ಲ, ನೋವಿನ ನೆನಪು ಅಳಿಸುತ್ತಿತ್ತು. ಮಂಪರಿನಲ್ಲಿ ಹೊರಳಾಡಿ ಪೆಟ್ಟು ಮಾಡಿಕೊಂಡಾರು ಎಂದು ಕೈಕಾಲು ಕಟ್ಟುವುದೂ ಇತ್ತು. 1958ರಲ್ಲಿ ಅಮೆರಿಕದ ಮಹಿಳಾ ಪತ್ರಿಕೆಯೊಂದು ಹೆರಿಗೆ ವಾರ್ಡುಗಳ ಬಗ್ಗೆ ಓದುಗರ ಪತ್ರಗಳನ್ನು ಅಚ್ಚು ಹಾಕಿದಾಗ, ಎಷ್ಟೊಂದು ಮನೆಗಳಲ್ಲಿ ಈ ಸಂಕಟ ಬಾಯಿ ಮುಚ್ಚಿ ಕೂತಿತ್ತು ಎಂಬುದು ಹೊರಬಿತ್ತು.

ಇನ್ನೊಂದು, ಗಾಯದ ಕಥೆ. ನರ್ಸ್ ಆನ್ ಬರ್ಜೆಸ್ ಮತ್ತು ಸಮಾಜಶಾಸ್ತ್ರಜ್ಞೆ ಲಿಂಡಾ ಹೋಮ್‌ಸ್ಟ್ರಾಮ್ ಬಾಸ್ಟನ್ ನಗರದ ಆಸ್ಪತ್ರೆಗೆ ಬಂದ ಅತ್ಯಾಚಾರ ಸಂತ್ರಸ್ತೆಯರ ಪಕ್ಕ ಕೂತು ಕೇಳಿಸಿಕೊಂಡರು. 92 ಹೆಂಗಸರ ಅನುಭವವನ್ನು ಆಧರಿಸಿ 1974ರಲ್ಲಿ ಬರೆದರು: ಬೆಚ್ಚಿಬೀಳುವುದು, ನಿದ್ದೆ ಬಾರದಿರುವುದು, ಮೈ ಮರಗಟ್ಟುವುದು, ಇವೆಲ್ಲ ಅವಳ ದೌರ್ಬಲ್ಯವಲ್ಲ, ಗಾಯದ ಗುರುತುಗಳು. 1980ರಲ್ಲಿ ಆಘಾತದ ನಂತರದ ಒತ್ತಡದ ಕಾಯಿಲೆ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿತು. ಆದರೆ ಅದನ್ನು ಓದುವವರು ಮನೋವೈದ್ಯರು. ಹೆರಿಗೆ ಮಾಡಿಸುವವರ ಮೇಜಿಗೆ ಅದು ಬರಲು ಇನ್ನೂ ಬಹಳ ವರ್ಷ ಬೇಕಾಯಿತು.

ಎರಡನ್ನೂ ಜೋಡಿಸಿದವರಲ್ಲಿ, ನೋವು ತಿನ್ನುವವಳ ಪಕ್ಕ ಗಂಟೆಗಟ್ಟಲೆ ಕೂತವರ ಪಾಲು ದೊಡ್ಡದು. ಗ್ವಾಟೆಮಾಲಾದಲ್ಲಿ ನಡೆದ ಅಧ್ಯಯನವೊಂದು 1980ರಲ್ಲಿ ಪ್ರಕಟವಾಯಿತು. ಜೊತೆಗೊಬ್ಬ ಹೆಂಗಸು ಇದ್ದರೆ, ಅವಳು ಅಪರಿಚಿತಳಾದರೂ ಸರಿ, ಹೆರಿಗೆ ಬೇಗ ಆಗುತ್ತದೆ, ತೊಡಕು ಕಡಿಮೆ ಎಂದು ಅದು ತೋರಿಸಿತು. ಹೀಗೆ ಜೊತೆಗಿರುವವರಿಗೆ ಡೌಲಾ ಎಂಬ ಹೆಸರು ಬಂತು. ಡೌಲಾಗಳ ಸಂಘಟನೆ ಕಟ್ಟಿದವರಲ್ಲಿ ಒಬ್ಬರಾದ ಪೆನ್ನಿ ಸಿಮ್‌ಕಿನ್ ಮತ್ತು ಮನೋಚಿಕಿತ್ಸಕಿ ಫಿಲ್ಲಿಸ್ ಕ್ಲಾಸ್ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಕಂಡವರ ಹೆರಿಗೆಯ ಬಗ್ಗೆಯೇ 2004ರಲ್ಲಿ ಒಂದು ಇಡೀ ಪುಸ್ತಕ ಬರೆದರು.

ಈ ಘಟ್ಟದಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಪಕ್ಕದಲ್ಲಿ ಕೂತವರಿಗೆ ಕಂಡದ್ದು ದೂರದಿಂದ ಕಾಣುವಂಥದ್ದಲ್ಲ. ಒಳಪರೀಕ್ಷೆ, ಅಂದರೆ ಹೆರಿಗೆ ಎಲ್ಲಿಗೆ ಬಂತೆಂದು ಯೋನಿಯೊಳಗೆ ಬೆರಳಿಟ್ಟು ನೋಡುವುದು, ಎರಡು ನಿಮಿಷದ ಕೆಲಸ, ಅಲ್ವಾ? ಬಾಗಿಲು ತೆರೆಯುತ್ತದೆ, ಗುರುತಿಲ್ಲದ ಮುಖ ಬರುತ್ತದೆ, ಹೊದಿಕೆ ಸರಿಯುತ್ತದೆ. ಅವಳು ಅಂಗಾತ ಮಲಗಿದ್ದಾಳೆ, ಕೈಗೆ ಡ್ರಿಪ್ ಹಾಕಿದೆ, ಹೊಟ್ಟೆಗೆ ಪಟ್ಟಿ ಸುತ್ತಿದೆ. ಎದ್ದು ಹೋಗುವ ಹಾಗಿಲ್ಲ. ಆಗ ಕೆಲವರು ಕಿರುಚುತ್ತಾರೆ, ಕಾಲು ಜೋಡಿಸುತ್ತಾರೆ, ಕೈ ತಳ್ಳುತ್ತಾರೆ. ಅವರಿಗೆ "ಸಹಕರಿಸುವುದಿಲ್ಲ" ಎಂಬ ಹಣೆಪಟ್ಟಿ. ಇನ್ನು ಕೆಲವರು ಪೂರ್ತಿ ಮೌನ. ಕಣ್ಣು ಚಾವಣಿಯಲ್ಲಿ ನೆಟ್ಟಿರುತ್ತದೆ, ಹೇಳಿದ್ದಕ್ಕೆಲ್ಲ ಹೂಂ. ಅವರನ್ನು "ಎಷ್ಟು ಒಳ್ಳೆಯ ಪೇಷೆಂಟ್" ಎಂದು ಹೊಗಳುವುದೂ ಉಂಟು. ಆ ಹೊತ್ತಿಗೆ ಅವಳು ತನ್ನ ಮೈ ಬಿಟ್ಟು ಎಲ್ಲೋ ಹೋಗಿರಬಹುದು, ಚಿಕ್ಕವಳಿದ್ದಾಗ ಉಳಿದುಕೊಳ್ಳಲು ಕಲಿತ ಹಾಗೆಯೇ. ನನ್ನನ್ನು ಜಾಸ್ತಿ ಕಾಡುವುದು ಈ ಮೌನವೇ.

ಭಯ ಹೆಚ್ಚಾದರೆ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಹೆರಿಗೆ ನೋವು ಕುಂಟಬಹುದು. ಕುಂಟಿದರೆ ಇನ್ನಷ್ಟು ಪರೀಕ್ಷೆ, ಇನ್ನಷ್ಟು ಕೈಗಳು. ಸುತ್ತು ಹೀಗೆ ಬಿಗಿಯುತ್ತದೆ. ಇಂಥವರಲ್ಲಿ ಕೆಲವರು ಮೊದಲೇ ಸಿಸೇರಿಯನ್ ಕೇಳುತ್ತಾರೆ, ಕೆಲವರಿಗೆ ಸೊಂಟದ ಕೆಳಗೆ ಮರಗಟ್ಟಿಸುವ ಚುಚ್ಚುಮದ್ದೇ ಭಯ. ಇಬ್ಬರು ಕೇಳುವುದೂ ಒಂದನ್ನೇ: ನನ್ನ ಮೈ ನನ್ನ ಕೈಯಲ್ಲಿರಲಿ.

ದೌರ್ಜನ್ಯದಿಂದಲೇ ಬಸುರಾದವರ ಪಾಡು ಇನ್ನೂ ಬೇರೆ. ಮಗು ಒದ್ದಾಗ ಸಂತೋಷಪಡು ಎಂದು ಅವರಿಗೆ ಹೇಳುವ ಹಾಗಿಲ್ಲ, ದುಃಖಪಡು ಎಂದೂ ಇಲ್ಲ. ಒಬ್ಬಳಿಗೆ ಆ ಮಗುವಿನ ಮೇಲೆ ಜೀವ, ಇನ್ನೊಬ್ಬಳಿಗೆ ಮುಖ ನೋಡಲಾಗದು, ಮತ್ತೊಬ್ಬಳಿಗೆ ಒಂದೇ ದಿನ ಎರಡೂ. ಎದುರಿಗಿರುವವರು ಯಾವುದಕ್ಕೂ ಮುಖ ಚಿಕ್ಕದು ಮಾಡಬಾರದು.

ನಂತರದ ವರ್ಷಗಳು ಸಲಹೆಗಳ ಕಾಲ. 2011ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆ ಬಾಲ್ಯದ ದೌರ್ಜನ್ಯದ ಬಗ್ಗೆ ಎಲ್ಲ ಹೆಂಗಸರನ್ನೂ ಕೇಳಿ ಎಂದಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯಲ್ಲಿ ಗೌರವದ ಆರೈಕೆ ಪ್ರತಿ ಹೆಂಗಸಿನ ಹಕ್ಕು ಎಂದು ಸಾರಿತು. 2018ರ ಅದರ ಮಾರ್ಗಸೂಚಿ ಎರಡು ಸರಳ ಮಾತು ಸೇರಿಸಿತು: ಅವಳು ಬಯಸಿದವರು ಜೊತೆಗಿರಲಿ, ಒಳಪರೀಕ್ಷೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಸಾಕು.

ಸಿಕ್ಕು ಬಿದ್ದದ್ದು "ಕೇಳಿ" ಎಂಬಲ್ಲಿ. ಕೇಳಿದರೆ ಹೇಳಿ ಹಗುರಾಗುವವರಿದ್ದಾರೆ, ನಿಜ. ಆದರೆ ಗಂಡ ಪಕ್ಕದಲ್ಲೇ ಕೂತಿರುವಾಗ, ಪರದೆಯಾಚೆ ಹತ್ತು ಜನ ಕಾಯುತ್ತಿರುವಾಗ, ಫಾರಂ ತುಂಬುತ್ತಾ ಕೇಳಿದರೆ ಯಾರು ಹೇಳುತ್ತಾರೆ? ಹೇಳಿದರೂ ಮುಂದೇನು ಎಂದು ಕೇಳಿದವರಿಗೇ ಗೊತ್ತಿರದಿದ್ದರೆ? ಅದಕ್ಕೇ ಇನ್ನೊಂದು ವಾದ ಹುಟ್ಟಿತು: ಎಲ್ಲರನ್ನೂ, ಗಾಯವಿದ್ದವರಂತೆಯೇ, ಕೇಳಿ ಮುಟ್ಟೋಣ. ಎರಡೂ ಜೊತೆಗೇ ನಡೆಯಬಹುದು. ಆದರೆ ಮುಟ್ಟುವ ಮುಂಚೆ ಒಪ್ಪಿಗೆ ಕೇಳಿಸಿಕೊಳ್ಳಲು ಒಬ್ಬ ಹೆಂಗಸು ತನ್ನ ಅತಿ ಗುಟ್ಟಿನ ನೋವನ್ನು ಅಡವಿಡಬೇಕಾಗಿ ಬಂದರೆ, ಅದು ತುಂಬಾ ದುಬಾರಿ ಬೆಲೆ.

ಕೇಳಿ ಮುಟ್ಟುವುದಕ್ಕೆ ಯಂತ್ರ ಬೇಕಿಲ್ಲ. "ಈಗ ಪರೀಕ್ಷೆ ಮಾಡಬಹುದಾ? ನಿಲ್ಲಿಸು ಅಂದರೆ ನಿಲ್ಲಿಸುತ್ತೇನೆ" ಎಂದು ಹೇಳಿ, ಹೇಳಿದಂತೆ ನಿಲ್ಲಿಸುವುದು. ಮಗ್ಗುಲಾಗಿ ಮಲಗಲೂ ಬಿಡುವುದು. ಮುಖ ನೋಡಿ ಹೆಸರು ಹೇಳುವುದು. ಹೊದಿಕೆಯನ್ನು ಅವಳೇ ಸರಿಸಿಕೊಳ್ಳಲಿ ಎಂದು ಕಾಯುವುದು. ಹೆರಿಗೆಯಾದ ಮೇಲೂ ಇದೇ ಮಾತು. ಹಾಲು ಕುಡಿಸುವುದನ್ನು ಕಲಿಸಲು ಅವಳ ಎದೆಗೆ ಕೈ ಹಾಕುವ ಮುಂಚೆ ಕೇಳಬೇಕು. ರಾತ್ರಿ ಕತ್ತಲಲ್ಲಿ ಎದೆಗೆ ಬಾಯಿ ತಾಕಿದಾಗ ಬೆಚ್ಚುವವಳಿಗೆ ದೀಪ ಹಾಕಿಕೊಂಡು ಕುಡಿಸು, ಬೇಕಿದ್ದರೆ ಹಾಲು ಹಿಂಡಿ ಕೊಡು ಎಂದು ಹೇಳುವವರೊಬ್ಬರು ಬೇಕು.

ಈಗೀಗ ಕೆಲವರು ಒಂದು ಹಾಳೆ ಬರೆದು ತರುತ್ತಾರೆ. ಏನಾಗಿತ್ತು ಎಂದು ಅದರಲ್ಲಿ ಇರುವುದಿಲ್ಲ. "ಹಿಂದಿನಿಂದ ಬಂದು ಮುಟ್ಟಬೇಡಿ. ಬಾಗಿಲು ತಟ್ಟಿ ಬನ್ನಿ. 'ಒಳ್ಳೆ ಹುಡುಗಿ' ಅನ್ನಬೇಡಿ" ಎಂದು ನಾಲ್ಕೈದು ಸಾಲು, ಅಷ್ಟೇ. ಹಗಲಿನ ಪಾಳಿಯವರು ಓದುತ್ತಾರೆ, ಹಾಗೆಯೇ ನಡೆಯುತ್ತಾರೆ. ರಾತ್ರಿ ಎಂಟಕ್ಕೆ ಪಾಳಿ ಬದಲಾಗುತ್ತದೆ. ಬೇರೆ ಮುಖ ಬರುತ್ತದೆ. ಹಾಳೆ ಫೈಲಿನೊಳಗೆ, ರಕ್ತಪರೀಕ್ಷೆಯ ವರದಿಗಳ ಕೆಳಗೆ ಇರುತ್ತದೆ. ಅವಳಿಗೆ ಆಗ ನೋವು ಜೋರಾಗಿರುತ್ತದೆ, ಮತ್ತೆ ಮೊದಲಿನಿಂದ ಹೇಳುವಷ್ಟು ಉಸಿರಿರುವುದಿಲ್ಲ.