ಈಜುಕೊಳಕ್ಕೆ ದೊಡ್ಡ ಪಂಪು ಬೇಡ

ಮೇ ತಿಂಗಳ ಒಂದು ಮಧ್ಯಾಹ್ನ ಗೋವಾದ ಅಸಗಾಂವ್‌ನಿಂದ ಫೋನ್ ಬಂತು. ಅಲ್ಲಿನ ಒಂದು ವಿಲ್ಲಾ ನೋಡಿಕೊಳ್ಳುವ ಹುಡುಗ ನಮ್ಮ ಬಾದಾಮಿ ಕಡೆಯವನು. "ಅಣ್ಣಾ, ಸಾಹೇಬ್ರು ಹಳೇ ಪಂಪ್ ತೆಗೆಸಿ ಎರಡು ಎಚ್‌ಪಿದು ಕುಂದ್ರಿಸ್ಯಾರ. ಆದ್ರೂ ನೀರು ಹಸರನ ಐತಿ. ಈಗ ತಳದಾಗ ಬೂದಿ ಥರ ಏನೋ ಕುಂದ್ರಾಕತ್ತೈತಿ. ಬಂದು ನೋಡ್ತೀರೇನು?" ಅಂದ.

ಸಂಜೆ ಹೋದೆ. ಹಳೆಯ ಒಂದು ಎಚ್‌ಪಿ ಪಂಪು ಪಂಪ್ ರೂಮಿನ ಮೂಲೆಯಲ್ಲಿ ಬಿದ್ದಿತ್ತು. ಹೊರಗೆ ತಂದು ಬೆಳಕಿನಲ್ಲಿ ಬಿಚ್ಚಿದೆ. ಮೋಟರ್ ಸರಿಯಿತ್ತು. ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಬೆರಳಿನಲ್ಲೇ ಸಲೀಸಾಗಿ ತಿರುಗಿತು. ಕಸ ಹಿಡಿಯುವ ಬುಟ್ಟಿಯ ಮುಚ್ಚಳ ನೋಡಿದರೆ, ಅದರ ರಬ್ಬರ್ ರಿಂಗು ಒಣಗಿ ಒಂದು ಕಡೆ ಉಗುರಿನಷ್ಟು ಸೀಳಿತ್ತು. ಅಲ್ಲಿಂದ ಗಾಳಿ ಒಳಗೆ ಹೋಗುತ್ತಿತ್ತು. ಗಾಳಿ ಎಳೆಯುವ ಪಂಪು ನೀರು ಎಳೆಯುವುದಿಲ್ಲ. ನೀರು ತಿರುಗದಿದ್ದರೆ ಕ್ಲೋರಿನ್ ಮೂಲೆ ಮೂಲೆಗೆ ಹೋಗುವುದಿಲ್ಲ, ಪಾಚಿ ಬರುತ್ತದೆ. ಇಷ್ಟೇ ಆಗಿದ್ದು. ಒಂದು ರಿಂಗು ಹಾಕಿದ್ದರೆ ಮುಗಿಯುತ್ತಿತ್ತು. ಅದರ ಬದಲು ಎರಡರಷ್ಟು ದೊಡ್ಡ ಪಂಪು ಬಂದು ಕೂತಿತ್ತು.

ಗೋವಾದಲ್ಲಿ ಈಜುಕೊಳಗಳ ಪೈಪು ಮತ್ತು ಕರೆಂಟಿನ ಕೆಲಸ ಮಾಡುತ್ತಾ ನನಗೆ ಹದಿನೇಳು ವರ್ಷ ಆಯಿತು. ನಾನು ಅತಿ ಹೆಚ್ಚು ನೋಡಿದ ತಪ್ಪು ಇದೇ. ದೊಡ್ಡ ಪಂಪು ಹಾಕಿದರೆ ನೀರು ಜಾಸ್ತಿ ಸ್ವಚ್ಛ ಆಗುತ್ತದೆ ಅನ್ನುವ ನಂಬಿಕೆ. ಆಗುವುದಿಲ್ಲ. ಅಳತೆ ಮೀರಿದ ಪಂಪು ಸೋಸುವ ಕೆಲಸ ಕೆಡಿಸುತ್ತದೆ, ಬಿಲ್ಲು ಏರಿಸುತ್ತದೆ, ನೀರಿನಲ್ಲಿರುವ ಮಕ್ಕಳಿಗೆ ಅಪಾಯ ತರುತ್ತದೆ.

ಲೆಕ್ಕ ಕಷ್ಟದ್ದಲ್ಲ. ಆ ವಿಲ್ಲಾದ ಕೊಳ 10 ಮೀಟರ್ ಉದ್ದ, 5 ಮೀಟರ್ ಅಗಲ. ಆಳ ಒಂದು ಕಡೆ 1 ಮೀಟರ್, ಇನ್ನೊಂದು ಕಡೆ 1.6. ಸರಾಸರಿ 1.3 ಅಂತ ಹಿಡಿಯಿರಿ. ಗುಣಿಸಿದರೆ 65 ಘನ ಮೀಟರ್, ಅಂದರೆ 65,000 ಲೀಟರ್. ಅಷ್ಟು ನೀರು ಆರು ತಾಸಿನಲ್ಲಿ ಒಮ್ಮೆ ಫಿಲ್ಟರ್ ದಾಟಿ ಬರಬೇಕು. ಆರರಿಂದ ಭಾಗಿಸಿದರೆ ತಾಸಿಗೆ ಸುಮಾರು 11,000 ಲೀಟರ್. ನಿಮಗೆ ಬೇಕಾದ ಪಂಪಿನ ಅಳತೆ ಇದು. ಎಚ್‌ಪಿ ಆಮೇಲಿನ ಮಾತು.

ಅಂಗಡಿಯಲ್ಲಿ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಲೀಟರ್ ಲೆಕ್ಕ ನಂಬಬೇಡಿ. ಅದು ಪೈಪು, ಫಿಲ್ಟರ್ ಯಾವುದೂ ಇಲ್ಲದೆ ಪಂಪು ಎಸೆಯುವ ನೀರು. ಪೈಪಿನ ಉದ್ದ, ಬೆಂಡುಗಳು, ಫಿಲ್ಟರಿನ ಉಸುಕು ಎಲ್ಲ ಸೇರಿ ನೀರನ್ನು ತಡೆಯುತ್ತವೆ. ಆ ತಡೆಗೆ ಹೆಡ್ ಅನ್ನುತ್ತೇವೆ. ಮನೆಯ ಕೊಳಗಳಲ್ಲಿ ಸಾಮಾನ್ಯವಾಗಿ ಅದು 8ರಿಂದ 12 ಮೀಟರ್. "10 ಮೀಟರ್ ಹೆಡ್‌ಗೆ ಇದು ಎಷ್ಟು ನೀರು ಕೊಡುತ್ತೆ, ಕರ್ವ್ ತೋರಿಸಿ" ಅಂತ ಕೇಳಿ. ಕರ್ವ್ ಅಂದರೆ ಎಷ್ಟು ತಡೆಗೆ ಎಷ್ಟು ನೀರು ಅಂತ ತೋರಿಸುವ ಗೆರೆಚಿತ್ರ. ತೋರಿಸದಿದ್ದರೆ ಬೇರೆ ಅಂಗಡಿಗೆ ಹೋಗಿ. ಮೇಲಿನ ಕೊಳಕ್ಕೆ ಮುಕ್ಕಾಲು ಅಥವಾ ಒಂದು ಎಚ್‌ಪಿ ಸಾಕಾಗುತ್ತದೆ.

ಇನ್ನು ಫಿಲ್ಟರ್. ಆ ಮನೆಯಲ್ಲಿ ಇದ್ದದ್ದು 24 ಇಂಚು ವ್ಯಾಸದ ಉಸುಕಿನ ಫಿಲ್ಟರ್. ಉಸುಕಿನ ಫಿಲ್ಟರಿಗೆ ಒಂದು ಮಿತಿ ಇದೆ. ಒಂದು ಚದರ ಮೀಟರ್ ಉಸುಕಿನ ಮೂಲಕ ತಾಸಿಗೆ 50 ಘನ ಮೀಟರಿಗಿಂತ ಜಾಸ್ತಿ ನೀರು ನುಗ್ಗಿಸಬಾರದು. ಕಡಿಮೆ ಇದ್ದಷ್ಟೂ ಚೆನ್ನಾಗಿ ಸೋಸುತ್ತದೆ. ಹಳೇ ಪಂಪಿನಲ್ಲಿ ಅದು 40ರೊಳಗೆ ಇತ್ತು. ಹೊಸ ಪಂಪಿನಲ್ಲಿ 75ರ ಹತ್ತಿರ ಹೋಗಿತ್ತು. ಸತ್ತ ಪಾಚಿಯ ಸಣ್ಣ ಧೂಳು ಉಸುಕಿನಲ್ಲಿ ನಿಲ್ಲದೆ ಆ ಕಡೆಯಿಂದ ಬಂದು ಮತ್ತೆ ಕೊಳಕ್ಕೆ ಬೀಳುತ್ತಿತ್ತು. ಹುಡುಗ ಹೇಳಿದ ಬೂದಿ ಅದೇ. ಮನೆಯಲ್ಲಿ ಚಹಾ ಸೋಸುವಾಗ ಒಮ್ಮೆಲೇ ಸುರಿದರೆ ಸೊಪ್ಪು ಕಪ್ಪಿಗೆ ಬೀಳುತ್ತಲ್ವಾ, ಹಾಗೆ.

ಪೈಪನ್ನೂ ನೋಡಬೇಕು. ಎಳೆಯುವ ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ ಒಂದೂವರೆ ಮೀಟರ್ ದಾಟಬಾರದು. ತಾಸಿಗೆ 11,000 ಲೀಟರ್ ಅಂದರೆ 63 ಎಂಎಂ ಪೈಪು ಬೇಕು, 50 ಎಂಎಂ ಸಾಲದು. ಸಣ್ಣ ಪೈಪಿಗೆ ದೊಡ್ಡ ಪಂಪು ಕಟ್ಟಿದರೆ ಒಳಗೆ ಜಲ್ಲಿಕಲ್ಲು ಉರುಳಿದ ಹಾಗೆ ಸದ್ದು ಬರುತ್ತದೆ. ಅದು ನೀರಿನಲ್ಲಿ ಗುಳ್ಳೆ ಹುಟ್ಟಿ ಒಡೆಯುವ ಸದ್ದು. ಇಂಪೆಲ್ಲರ್ ತಿನ್ನುವ ಸದ್ದು.

ಈಗ ಮಕ್ಕಳ ಮಾತಿಗೆ ಬರುತ್ತೇನೆ.

ಪಂಪು ನೀರನ್ನು ಕೊಳದ ತಳದ ತೂತಿನಿಂದ ಎಳೆಯುತ್ತದೆ. ಅದಕ್ಕೆ ಮೇನ್ ಡ್ರೇನ್ ಅನ್ನುತ್ತಾರೆ. ಅಲ್ಲಿ ಜಾಲರಿಯ ಮುಚ್ಚಳ ಇರುತ್ತದೆ. ಡ್ರೇನ್ ಒಂದೇ ಇದ್ದು, ಮುಚ್ಚಳ ಮುರಿದಿದ್ದು, ಮಗು ಅದರ ಮೇಲೆ ಕೂತರೆ ತೂತು ಪೂರ್ತಿ ಮುಚ್ಚಿಹೋಗುತ್ತದೆ. ಪಂಪು ಎಳೆಯುತ್ತಲೇ ಇರುತ್ತದೆ. ಎಂಟು ಇಂಚಿನ ಬಾಯಿಯಲ್ಲಿ ಅರ್ಧ ಬಾರ್‌ನಷ್ಟು ಎಳೆತ ಹುಟ್ಟಿದರೆ ಅದು 160 ಕೆಜಿ ಭಾರ ಒತ್ತಿದ ಹಾಗೆ. ಯಾವ ತಂದೆ, ಯಾವ ತಾಯಿ ಅದನ್ನು ಬಿಡಿಸಲು ಆಗುತ್ತದೆ? ಅಮೆರಿಕದಲ್ಲಿ 2002ರಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಬಿಸಿನೀರಿನ ತೊಟ್ಟಿಯ ಡ್ರೇನಿಗೆ ಹೀಗೇ ಸಿಕ್ಕಿಕೊಂಡಳು. ತಾಯಿ ಎಳೆದರು, ಆಗಲಿಲ್ಲ. ಕೊನೆಗೆ ಇಬ್ಬರು ಗಂಡಸರು ಎಳೆದ ರಭಸಕ್ಕೆ ಡ್ರೇನಿನ ಮುಚ್ಚಳವೇ ಮುರಿಯಿತು. ಮಗು ಉಳಿಯಲಿಲ್ಲ. 2007ರ ಡಿಸೆಂಬರಿನಲ್ಲಿ ಅವಳ ಹೆಸರಿನಲ್ಲೇ ಆ ದೇಶ ಕಾನೂನು ಮಾಡಿತು. ಆ ತಾಯಿಯನ್ನು ನೆನೆಸಿಕೊಂಡಾಗಲೆಲ್ಲ ನನಗೆ ಹೊಟ್ಟೆ ತಳಮಳಿಸುತ್ತದೆ. ನನಗೂ ಮಗಳಿದ್ದಾಳೆ.

ಹೊಸ ಕೊಳ ಕಟ್ಟಿಸುವವರಿಗೆ ನಾನು ಕೈಮುಗಿದು ಹೇಳುವುದು ಇದು. ಡ್ರೇನ್ ಎರಡು ಹಾಕಿಸಿ. ಅವುಗಳ ನಡುವೆ ಕಡೇಪಕ್ಷ ಮೂರು ಅಡಿ ಇರಲಿ. ಎರಡೂ ಒಂದೇ ಪೈಪಿಗೆ ಸೇರಲಿ, ಮಧ್ಯೆ ವಾಲ್ವ್ ಬೇಡ. ಒಂದು ಮುಚ್ಚಿದರೆ ನೀರು ಇನ್ನೊಂದರಿಂದ ಬರುತ್ತದೆ, ಮಗು ಬಿಡಿಸಿಕೊಳ್ಳುತ್ತದೆ. ಮುಚ್ಚಳ ಚಪ್ಪಟೆ ಜಾಲರಿ ಬೇಡ, ಗುಮ್ಮಟದ ಹಾಗೆ ಉಬ್ಬಿರುವುದು ಬೇಕು. ಉದ್ದ ಕೂದಲಿನ ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. ಕೂದಲು ಜಾಲರಿಯೊಳಗೆ ಹೋಗಿ ಸುತ್ತಿಕೊಂಡರೆ ಪಂಪು ನಿಲ್ಲಿಸಿದರೂ ಬಿಡುವುದಿಲ್ಲ.

ಯಾವುದೇ ಕೊಳದ ಕೆಲಸಕ್ಕೆ ಹೋದರೂ ನಾನು ಮೊದಲು ಪಂಪು ಬಂದ್ ಮಾಡಿಸಿ, ನೀರಿಗಿಳಿದು, ಆ ಮುಚ್ಚಳದ ಒಂದೊಂದು ಸ್ಕ್ರೂ ಕೈಯಿಂದ ಮುಟ್ಟಿ ನೋಡುತ್ತೇನೆ. ಹತ್ತರಲ್ಲಿ ಮೂರು ಕಡೆ ಒಂದಾದರೂ ಇರುವುದಿಲ್ಲ. ಬಿಸಿಲಿಗೂ ಕ್ಲೋರಿನ್ನಿಗೂ ಪ್ಲಾಸ್ಟಿಕ್ ಪೆಡಸಾಗಿ ಬಿರುಕು ಬಿಟ್ಟಿರುತ್ತದೆ. ಮುಚ್ಚಳ ಇಲ್ಲದ ಕೊಳದಲ್ಲಿ ಯಾರೂ ಇಳಿಯಬಾರದು. ಗೆಸ್ಟುಗಳು ಎಷ್ಟೇ ದುಡ್ಡು ಕೊಟ್ಟಿರಲಿ. ಪಂಪಿನ ಸ್ವಿಚ್ಚು ಬೀಗ ಹಾಕಿದ ರೂಮಿನೊಳಗೆ ಮಾತ್ರ ಇದ್ದರೆ ಸಾಲದು. ಕೊಳದಿಂದ ನಾಲ್ಕು ಹೆಜ್ಜೆಯಲ್ಲಿ ಎಲ್ಲರಿಗೂ ಕಾಣುವ ಕಡೆ, ನೀರು ಬೀಳದ ಡಬ್ಬದಲ್ಲಿ, ಒಂದು ಕೆಂಪು ಸ್ವಿಚ್ಚು ಇರಲಿ.

ಕರೆಂಟಿನ ಕಥೆ ಮಳೆಗಾಲದ್ದು. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪಂಪ್ ರೂಮು ನೆಲದ ಕೆಳಗೆ ಇದ್ದರೆ ಗೋಡೆಯ ಚಿರೇಕಲ್ಲೇ ಬೆವರುತ್ತದೆ. ವೈರಿನ ಜಾಯಿಂಟಿಗೆ ತೇವ ಹೋಗಿ ಸೋರಿಕೆ ಹಿಡಿಯುವ ಸ್ವಿಚ್ಚು, ಅಂದರೆ ಆರ್‌ಸಿಸಿಬಿ ಬೀಳುತ್ತದೆ. 30 ಮಿಲಿ ಆಂಪಿಯರ್ ಸೋರಿದರೂ ಕರೆಂಟು ಕಡಿಯುವುದು ಅದರ ಕೆಲಸ. ಅದು ನಿಮ್ಮ ಜೀವ ಕಾಯುತ್ತಿದೆ. ಎರಡು ವರ್ಷದ ಹಿಂದೆ ಸಿಯೋಲಿಂನ ಒಂದು ಮನೆಯಲ್ಲಿ, ಪದೇ ಪದೇ ಬೀಳುತ್ತದೆ ಅಂತ ಯಾರೋ ಅದನ್ನು ಬಿಟ್ಟು ವೈರನ್ನು ನೇರ ಜೋಡಿಸಿದ್ದರು. ಮೋಟರಿನ ಬಾಡಿಗೆ ಟೆಸ್ಟರ್ ಇಟ್ಟೆ. ಫಳ್ಳನೆ ಹೊತ್ತಿಕೊಂಡಿತು. ಅರ್ಥಿಂಗ್ ವೈರು ಟರ್ಮಿನಲ್ಲಿನಲ್ಲೇ ತುಕ್ಕು ಹಿಡಿದು ಕಳಚಿಕೊಂಡಿತ್ತು. ಹೊರಗೆ ಎರಡು ಮಕ್ಕಳು ನೀರಿನಲ್ಲಿದ್ದರು. ಮೊದಲು ಅವರನ್ನು ಮೇಲೆ ಕರೆಸಿದೆ. ಆಮೇಲೆ ಮೇನ್ ಇಳಿಸಿದೆ. ಕೈ ನಡುಕ ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

ಆರ್‌ಸಿಸಿಬಿ ಬಿದ್ದರೆ ಎಲ್ಲಿ ಸೋರುತ್ತಿದೆ ಅಂತ ಹುಡುಕಿಸಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ, ಬೀಳದಿದ್ದರೆ ಬದಲಿಸಿ. ಪಂಪಿಗೆ ಅದರದೇ ಎಂಸಿಬಿ (ಶಾರ್ಟ್ ಆದರೆ ಕರೆಂಟು ಕಡಿಯುವ ಸ್ವಿಚ್ಚು) ಮತ್ತು ಮೋಟರ್ ಮಿತಿ ಮೀರಿ ಕರೆಂಟು ಎಳೆದರೆ ನಿಲ್ಲಿಸುವ ಓವರ್‌ಲೋಡ್ ರಿಲೇ ಬೇರೆ ಬೇಕು. ಆರ್‌ಸಿಸಿಬಿ ಮೋಟರ್ ಸುಡುವುದನ್ನು ತಡೆಯುವುದಿಲ್ಲ. ನೀರೊಳಗಿನ ದೀಪ 12 ವೋಲ್ಟಿನದೇ ಇರಲಿ. ಗುಡುಗು ಮಿಂಚು ಶುರುವಾದರೆ ಎಲ್ಲರೂ ಹೊರಗೆ, ಪಂಪೂ ಬಂದ್.

ಹೊರದೇಶದಿಂದ ಪಂಪು ತರಿಸುವವರಿಗೆ ಒಂದು ಮಾತು. ಅಮೆರಿಕದ ಕರೆಂಟು 60 ಹರ್ಟ್ಜ್, ನಮ್ಮದು 50. ಅಲ್ಲಿಗಷ್ಟೇ ಮಾಡಿದ ಮೋಟರ್ ಇಲ್ಲಿ ನಿಧಾನ ತಿರುಗುತ್ತದೆ, ನೀರು ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ, ಮೋಟರ್ ಮಾತ್ರ ಬಿಸಿಯಾಗಿ ಕಾಯುತ್ತದೆ. ನೇಮ್‌ಪ್ಲೇಟಿನಲ್ಲಿ 50 ಹರ್ಟ್ಜ್ ಅಂತ ಓದಿಯೇ ದುಡ್ಡು ಕೊಡಿ.

ಕಾಯುವ ಮಾತು ಬಂತಲ್ಲ. ಸಾಮಾನ್ಯ ಮೋಟರುಗಳನ್ನು ಸುತ್ತಲ ಗಾಳಿ 40 ಡಿಗ್ರಿ ಒಳಗೆ ಇರುತ್ತದೆ ಅಂತ ಹಿಡಿದು ಮಾಡಿರುತ್ತಾರೆ. ಹೊರಗೆ 33 ಇದ್ದರೂ ಕಿಟಕಿ ಇಲ್ಲದ ಪಂಪ್ ರೂಮಿನಲ್ಲಿ 40 ದಾಟಿಬಿಡುತ್ತದೆ. ಮೋಟರಿನೊಳಗಿನ ತಾಮ್ರದ ತಂತಿಯ ಸುತ್ತು, ಅಂದರೆ ವೈಂಡಿಂಗ್, ಮಿತಿಗಿಂತ 10 ಡಿಗ್ರಿ ಜಾಸ್ತಿ ಬಿಸಿಯಾದರೆ ಅದರ ಇನ್ಸುಲೇಶನ್ ಆಯಸ್ಸು ಅರ್ಧ ಆಗುತ್ತದೆ ಅನ್ನುವುದು ನಮ್ಮ ಕಸುಬಿನ ಹಳೇ ಲೆಕ್ಕ. ಸಂಜೆ ವೋಲ್ಟೇಜ್ 190ಕ್ಕೆ ಇಳಿದಾಗ ಮೋಟರ್ ಜಾಸ್ತಿ ಆಂಪಿಯರ್ ಎಳೆದು ಇನ್ನೂ ಕಾಯುತ್ತದೆ. ಕೆಳಗೊಂದು, ಮೇಲೊಂದು ಜಾಲಿ ಕಿಂಡಿ ಬಿಡಿಸಿ, ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಅದೇ ರೂಮಿನಲ್ಲಿ ಆಸಿಡ್ ಮತ್ತು ಕ್ಲೋರಿನ್ ಇಡಲೇಬೇಡಿ. ಅವುಗಳ ಹೊಗೆ ತಾಮ್ರವನ್ನೂ ಬೇರಿಂಗನ್ನೂ ತಿನ್ನುತ್ತದೆ. ಎರಡೂ ಒಂದಕ್ಕೊಂದು ತಾಗಿದರೆ ಬರುವ ವಿಷದ ಗಾಳಿ ಮನುಷ್ಯನನ್ನೇ ತಿನ್ನುತ್ತದೆ.

ದಿನಕ್ಕೆ ಎಷ್ಟು ತಾಸು ಓಡಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಕಡೆ ನೀರು 28, 30 ಡಿಗ್ರಿ ಇರುತ್ತದೆ. ಪಾಚಿಗೆ ಹಬ್ಬ. ನಾನು ಹತ್ತರಿಂದ ಹನ್ನೆರಡು ತಾಸು ಹೇಳುತ್ತೇನೆ, ಹೆಚ್ಚಿನ ಪಾಲು ಬಿಸಿಲಿನಲ್ಲೇ. ಬಿಸಿಲು ಕ್ಲೋರಿನ್ ತಿನ್ನುವುದರಿಂದ ಅದನ್ನು ಸಂಜೆ ಹಾಕಿ, ಆಮೇಲೆ ಎರಡು ತಾಸು ಪಂಪು ಓಡಲಿ. ಬಿಲ್ಲಿನ ಚಿಂತೆ ಇದ್ದರೆ ವೇಗ ಬದಲಿಸುವ ಪಂಪು ನೋಡಿ. ವೇಗ ಅರ್ಧ ಮಾಡಿದರೆ ನೀರು ಅರ್ಧ ಬರುತ್ತದೆ, ಶಕ್ತಿ ಮಾತ್ರ ಲೆಕ್ಕದ ಪ್ರಕಾರ ಎಂಟನೇ ಒಂದು ಪಾಲು ಸಾಕು. ಎರಡರಷ್ಟು ಹೊತ್ತು ಓಡಿಸಿದರೂ ಉಳಿತಾಯ ದೊಡ್ಡದು, ಉಸುಕೂ ಚೆನ್ನಾಗಿ ಸೋಸುತ್ತದೆ. ಹಾಂ, ಬಾವಿ ನೀರು ತುಂಬಿಸಿ ಕ್ಲೋರಿನ್ ಹಾಕಿದ ಕೂಡಲೇ ಕಂದು ಬಣ್ಣ ಬಂದರೆ ಪಂಪನ್ನು ಬೈಯಬೇಡಿ. ಅದು ಕೆಂಪು ಮಣ್ಣಿನ ಕಬ್ಬಿಣ.

ಅಸಗಾಂವ್‌ನಲ್ಲಿ ಸಾಹೇಬರನ್ನು ಒಪ್ಪಿಸಿ ಹಳೇ ಪಂಪನ್ನೇ ಮತ್ತೆ ಕೂರಿಸಿದೆ. ಹೊಸ ರಿಂಗು ಹಾಕಿ ಸಿಲಿಕೋನ್ ಗ್ರೀಸ್ ಸವರಿದೆ. ವ್ಯಾಸಲೀನ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತದೆ. ಶುರು ಮಾಡುವ ಮೊದಲು ಬುಟ್ಟಿಗೆ ಕೊಡದಿಂದ ನೀರು ತುಂಬುವುದನ್ನು ಹುಡುಗನ ಕೈಯಲ್ಲೇ ಮಾಡಿಸಿದೆ, ಒಣಗಿದ ಪಂಪು ಓಡಿದರೆ ಸೀಲು ಸುಟ್ಟುಹೋಗುತ್ತದೆ. ಫಿಲ್ಟರಿನ ಮೇಲಿನ ಗಾಳಿ ತಿರುಪು ಬಿಚ್ಚಿ, ನೀರು ಚಿಮ್ಮಿದ ಮೇಲೆ ಬಿಗಿ ಮಾಡಿಸಿದೆ. ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ಉಸುಕು ತೊಳೆಯುವುದು) ಮುಗಿದ ಮೇಲೆ ಒತ್ತಡದ ಮುಳ್ಳು 0.7 ಬಾರ್ ತೋರಿಸಿತು. ಗೇಜಿನ ಗಾಜಿನ ಮೇಲೆ ಅಲ್ಲಿಗೊಂದು ಹಸಿರು ಗೆರೆ, 1.2ಕ್ಕೆ ಒಂದು ಕೆಂಪು ಗೆರೆ ಎಳೆದೆ. ಮುಳ್ಳು ಕೆಂಪಿಗೆ ಬಂದರೆ ಉಸುಕು ಮತ್ತೆ ತೊಳೆಯಬೇಕು ಅಂತ ಗುರುತು. ನಾಲ್ಕನೇ ದಿನ ತಳದ ನೀಲಿ ಟೈಲ್ಸು ಕಾಣಿಸಿತು ಅಂತ ಫೋಟೋ ಕಳಿಸಿದ.

ಜುಲೈನಲ್ಲಿ ಮತ್ತೆ ಫೋನ್ ಬಂತು. ಹಿಂದೆ ಮಳೆಯ ಸದ್ದು. "ಅಣ್ಣಾ, ಮುಳ್ಳು ಕೆಂಪು ಗೆರಿಗೆ ಬಂದೈತಿ. ಬ್ಯಾಕ್‌ವಾಶ್ ಮಾಡ್ಲ್ಯಾ?"

"ಮಾಡು. ಆದರೆ ಹಿಡಿಕೆ ತಿರುಗಿಸೋ ಮೊದಲು ಪಂಪ್ ಬಂದ್ ಮಾಡು" ಅಂದೆ.

"ಬಂದ್ ಮಾಡೇ ಫೋನ್ ಹಚ್ಚೇನಿ ಅಣ್ಣಾ" ಅಂದ.