ಹಳೇ ಪಿಕಪ್ ಕಟ್ಟುವ ಮುನ್ನ ಕಿಸೆಯಲ್ಲೊಂದು ಅಯಸ್ಕಾಂತ ಇರಲಿ

ಮಾವ ಗಾಡಿಯ ಬಾನೆಟ್ ಎತ್ತಲೇ ಇಲ್ಲ. ಕಿಸೆಯಿಂದ ಒಂದು ಅಯಸ್ಕಾಂತ ತೆಗೆದರು. ಕೆಟ್ಟುಹೋದ ಸ್ಪೀಕರಿನಿಂದ ಬಿಚ್ಚಿಟ್ಟುಕೊಂಡದ್ದು, ಬಳೆಯ ಹಾಗೆ ದುಂಡಗಿತ್ತು. ಬಣ್ಣಕ್ಕೆ ಗೀರು ಬೀಳದಂತೆ ಅದನ್ನು ಕರವಸ್ತ್ರದಲ್ಲಿ ಸುತ್ತಿ, ಬಾಗಿಲಿನ ಕೆಳಗಿನ ಅಂಚಿನ ಗುಂಟ ನಿಧಾನವಾಗಿ ಸರಿಸುತ್ತ ಹೋದರು. ಮೊದಲು ಗಟ್ಟಿಯಾಗಿ ಹಿಡಿದಿತ್ತು. ಒಂದು ಗೇಣು ದಾಟಿದ ಮೇಲೆ ಹಿಡಿತ ಸಡಿಲವಾಯಿತು. ಇನ್ನೆರಡು ಬೆರಳು ಮುಂದೆ ಹೋಗುವಷ್ಟರಲ್ಲಿ ಜಾರಿ ಅವರ ಅಂಗೈಗೆ ಬಿತ್ತು.

"ಇಲ್ಲಿ ಕಬ್ಬಿಣ ಇಲ್ಲೋ ತಮ್ಮಾ, ಬರೀ ಪುಟ್ಟಿ ಐತಿ," ಅಂದರು. ಪುಟ್ಟಿ ಅಂದರೆ ತೂತು, ತಗ್ಗು ಮುಚ್ಚಲು ಮೆತ್ತುವ ಲೇಪ. ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ.

ಅದು ಗೋವಾ ಕಡೆಯಿಂದ ಬಂದಿದ್ದ ಪಿಕಪ್. ಹೊಸ ಬಣ್ಣ ಥಳಥಳ ಹೊಳೆಯುತ್ತಿತ್ತು. ನಾವು ಅದನ್ನು ಬಿಟ್ಟು, ಅಥಣಿ ಹತ್ತಿರದ ಒಂದು ಹೊಲದಲ್ಲಿ ಬಿಸಿಲಿಗೆ ಬಣ್ಣ ಸುಟ್ಟುಹೋಗಿ ನಿಂತಿದ್ದ ಇನ್ನೊಂದನ್ನು ಕೊಂಡೆವು. ಅದರ ಎಂಜಿನ್ ಶುರುವೇ ಆಗುತ್ತಿರಲಿಲ್ಲ. ಆದರೂ ಮಾವನಿಗೆ ಚಿಂತೆ ಇರಲಿಲ್ಲ. ಕಡಿಮೆ ದುಡ್ಡಲ್ಲಿ ಹಳೇ ಗಾಡಿ ಕಟ್ಟುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನೇ. ಎಂಜಿನ್ ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಚಾಸಿಯ (ಗಾಡಿಯ ಅಡಿಚೌಕಟ್ಟಿನ) ಕಬ್ಬಿಣ ಒಳಗಿನಿಂದ ತಿಂದುಹೋಗಿದ್ದರೆ ಮಾತ್ರ ಕೈಗೆ ಬರುವುದು ಗುಜರಿ, ಗಾಡಿಯಲ್ಲ.

ಅಥಣಿ ಗಾಡಿ ಯಾಕೆ ಉಳಿದಿತ್ತು, ಗೋವಾ ಗಾಡಿ ಯಾಕೆ ಕೊಳೆತಿತ್ತು? ಕಬ್ಬಿಣ ಒಂದೇ, ಗಾಳಿ ಬೇರೆ. ಕಬ್ಬಿಣದ ಮೇಲೆ ನೀರಿನ ತೆಳು ಪದರ ಕೂತರೆ ಅಲ್ಲೊಂದು ಪುಟ್ಟ ಬ್ಯಾಟರಿ ತಯಾರಾಗುತ್ತದೆ. ಒಂದು ಜಾಗದಲ್ಲಿ ಕಬ್ಬಿಣದ ಕಣಗಳು ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತವೆ. ಪಕ್ಕದ ಜಾಗದಲ್ಲಿ ಗಾಳಿಯ ಆಮ್ಲಜನಕ ಆ ಎಲೆಕ್ಟ್ರಾನ್ ಎತ್ತಿಕೊಳ್ಳುತ್ತದೆ. ಎರಡೂ ಸೇರಿ ಕೊನೆಗೆ ಕೆಂಪು ತುಕ್ಕಾಗುತ್ತದೆ. ನಮ್ಮ ಕಡೆ ಇದಕ್ಕೆ ಜಂಗು ಅಂತಲೂ ಅಂತಾರೆ. ನೀರಲ್ಲಿ ಉಪ್ಪು ಕರಗಿದ್ದರೆ ಕರೆಂಟು ಸಲೀಸಾಗಿ ಹರಿಯುತ್ತದೆ, ಆಗ ಈ ಕೆಲಸದ ವೇಗವೂ ಜಾಸ್ತಿ. ಕಡಲ ಗಾಳಿಯಲ್ಲಿ ಉಪ್ಪು ಇದ್ದೇ ಇರುತ್ತದೆ, ಅಲ್ವಾ? ಇನ್ನೊಂದು ಕಡೆ, ಗಾಳಿಯ ತೇವ ಸುಮಾರು 60 ರಿಂದ 70 ಶೇಕಡಾಕ್ಕಿಂತ ಕೆಳಗಿದ್ದರೆ ತುಕ್ಕು ಬಹಳ ನಿಧಾನ. ಬೆಳಗಾವಿ ಜಿಲ್ಲೆ ಒಂದೇ ಆದರೂ, ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಳೆಗಾಲವೆಲ್ಲ ಗೋಡೆಯೂ ಒದ್ದೆ. ಅಥಣಿಯಲ್ಲಿ ವರ್ಷದ ಬಹುಪಾಲು ಒಣಹವೆ. ಹಳೇ ಗಾಡಿ ಹುಡುಕುವವರು ಪೂರ್ವಕ್ಕೆ ಹೋಗಬೇಕು ಅಂತ ನಾನು ಹೇಳುವುದು ಅದಕ್ಕೇ.

ಮಾಸಿದ ಬಣ್ಣ ನೋಡಿ ಹೆದರಬೇಡಿ, ಮೂಲೆಗಳನ್ನು ನೋಡಿ. ಚಾಸಿಯ ಅಡ್ಡಪಟ್ಟಿ ಸೇರುವ ಕಡೆ, ಗಾಲಿಯ ಮೇಲಿನ ತಗಡಿನ ಒಳಮಗ್ಗುಲಲ್ಲಿ ಕೆಸರು ಒಣಗಿ ಕೂತಿರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಕೆದರಬೇಕು. ನೀರಿನ ಒಂದು ಹನಿಯ ಕೆಳಗೆ ಏನಾಗುತ್ತದೆ ನೋಡಿ. ಹನಿಯ ಅಂಚಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ನಡುವೆ ಸಿಗುವುದಿಲ್ಲ. ಸವೆಯುವುದು ಗಾಳಿ ಸಿಗದ ನಡುಭಾಗ! ತುಕ್ಕು ಕಾಣುವುದು ಮಾತ್ರ ಅಂಚಿನಲ್ಲಿ. ಕೆಸರಿನ ಕೆಳಗೂ ಇದೇ ಕಥೆ. ಹೊರಗೆ ಒಂದು ಕೆಂಪು ಗೆರೆ ಕಂಡರೆ ಒಳಗೆ ತೂತು ಇರಬಹುದು. ಮೇಲಾಗಿ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತೆಗೆದುಕೊಳ್ಳುತ್ತದೆ. ಎರಡು ತಗಡು ಸೇರಿದ ಕಡೆ ಅದು ಬೆಳೆದರೆ ತಗಡುಗಳನ್ನೇ ದೂಡಿ ಉಬ್ಬಿಸುತ್ತದೆ. ಬಣ್ಣದಲ್ಲಿ ಗುಳ್ಳೆ ಎದ್ದಿದ್ದರೆ ಒಳಗೆ ಅದೇ ನಡೆದಿದೆ.

ನಮ್ಮ ಗಾಡಿಯಲ್ಲಿ ಹಾಳಾಗಿದ್ದದ್ದು ಹಿಂದಿನ ತೊಟ್ಟಿಯ ನೆಲ. ಹಿಂದಿನ ಮಾಲೀಕರು ಅದರಲ್ಲಿ ಗೊಬ್ಬರದ ಚೀಲ ಸಾಗಿಸುತ್ತಿದ್ದರಂತೆ. ಪೊಟ್ಯಾಶ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಖಾಸಾ ಸಂಬಂಧಿ. ಚೀಲದಿಂದ ಉದುರಿದ ಪುಡಿ ತೇವ ಸಿಕ್ಕಾಗಲೆಲ್ಲ ಕರಗಿ, ಉಪ್ಪುನೀರಾಗಿ ತಗಡಿನ ಮೇಲೆ ಕೂರುತ್ತದೆ. ಕಡಲಿಲ್ಲದ ಊರಲ್ಲಿ ಕಡಲ ಗಾಳಿ ಬಂದ ಹಾಗೆ. ಆ ತಗಡನ್ನು ಪೂರ್ತಿ ಕತ್ತರಿಸಿ ಹೊಸದು ಹಾಕಿದೆವು. ಹಾಗೆ ತೂತು ಬಿದ್ದ ತಗಡಿನ ಮೇಲೆ ಪುಟ್ಟಿ ಮೆತ್ತುವುದು ದುಡ್ಡು ಉಳಿಸುವುದಲ್ಲ. ಪುಟ್ಟಿಯ ಹಿಂದೆ ತೇವ ಸೇರಿ ಅದೇ ಬ್ಯಾಟರಿ ಮತ್ತೆ ಶುರುವಾಗುತ್ತದೆ.

ಸಣ್ಣ ಭಾಗಗಳನ್ನು ಉಳಿಸುವುದು ಮನೆಯ ಅಂಗಳದಲ್ಲೇ ಆಗುತ್ತದೆ. ನನಗೆ ಈ ಇಡೀ ಕೆಲಸದಲ್ಲಿ ಜಾಸ್ತಿ ಖುಷಿ ಕೊಟ್ಟದ್ದು ಇದೇ. ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ತುಂಬಿ, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಕರಗಿಸಬೇಕು. ಬಾಗಿಲಿನ ಕೀಲನ್ನು ತಂತಿಯಿಂದ ನೀರಲ್ಲಿ ತೂಗುಬಿಟ್ಟು, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಮೈನಸ್ ತಂತಿಯನ್ನು ಅದಕ್ಕೆ ಕೊಡಬೇಕು. ಪ್ಲಸ್ ತಂತಿ, ಮನೆ ಕಟ್ಟುವಾಗ ಉಳಿದ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಸ್ವಿಚ್ ಹಾಕಿದ ಕೂಡಲೇ ಕೀಲಿನ ಮೈಯಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ರಾತ್ರಿ ಬಿಟ್ಟು ಬೆಳಗ್ಗೆ ನೋಡಿದರೆ ನೀರಿನ ಮೇಲೆ ಕಂದು ನೊರೆ, ಕೀಲಿನ ಮೇಲೆ ಕಪ್ಪು ಮಸಿ. ಬ್ರಷ್ ಹಿಡಿದು ತೊಳೆದಾಗ ತಯಾರಿಸಿದವರು ಒತ್ತಿದ್ದ ಅಂಕಿಗಳು ಒಂದೊಂದಾಗಿ ಕಾಣತೊಡಗಿದವು. ಅಲ್ಲಿ ಅಂಕಿ ಇದೆ ಅಂತಲೇ ನಮಗೆ ಅದುವರೆಗೆ ಗೊತ್ತಿರಲಿಲ್ಲ.

ತುಕ್ಕು ಹಿಡಿದಾಗ ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡಿತ್ತು. ಚಾರ್ಜರ್ ಅದನ್ನು ವಾಪಸ್ ತುಂಬುತ್ತದೆ. ಕೆಂಪು ತುಕ್ಕಿನ ಒಂದು ಪಾಲು ಕಪ್ಪು ಆಕ್ಸೈಡ್ ಆಗುತ್ತದೆ, ಉಳಿದದ್ದು ಗುಳ್ಳೆಗಳ ಜೊತೆ ಸಡಿಲಾಗಿ ಉದುರುತ್ತದೆ. ಗ್ರೈಂಡರ್ ಹಿಡಿದರೆ ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವೂ ಹೋಗುತ್ತದೆ, ಇಲ್ಲಿ ಹೋಗುವುದಿಲ್ಲ. ಆದರೆ ಎಚ್ಚರ ಬೇಕು. ಗುಳ್ಳೆಯಲ್ಲಿರುವುದು ಹೈಡ್ರೋಜನ್. ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ, ಹಾಗಾಗಿ ಬಯಲಲ್ಲೇ ಮಾಡಬೇಕು. ಸೋಡಾ ಬದಲು ಉಪ್ಪು ಹಾಕಿದರೆ ವಿಷದ ಕ್ಲೋರಿನ್ ಅನಿಲ ಬರುತ್ತದೆ. ಪ್ಲಸ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಇಟ್ಟರೆ ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯಬಹುದು. ಗಾಲಿಯ ಕುಲುಕು ತಡೆಯುವ ಕಮಾನಿನ ಪಟ್ಟಿ, ಗಟ್ಟಿ ಉಕ್ಕಿನ ಬೋಲ್ಟುಗಳನ್ನಂತೂ ಈ ಬಕೆಟ್ಟಿಗೆ ಹಾಕಲೇಬೇಡಿ. ಹೈಡ್ರೋಜನ್ ಅಂಥ ಉಕ್ಕಿನೊಳಗೆ ನುಗ್ಗಿ ಅದನ್ನು ಪೆಡಸು ಮಾಡುತ್ತದೆ. ಮುಂದೊಂದು ದಿನ ಭಾರ ಬಿದ್ದಾಗ ಅದು ಬಾಗದೆ ಪಟ್ಟನೆ ಮುರಿಯಬಹುದು.

ಬಕೆಟ್ಟಿಗೆ ಹಿಡಿಸದ ಚಾಸಿಯಂಥ ದೊಡ್ಡ ಭಾಗಕ್ಕೆ ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಅಂತ ಸಿಗುತ್ತದೆ. ಅಂಥ ಹಲವು ದ್ರವಗಳಲ್ಲಿ ಕೆಲಸ ಮಾಡುವುದು ಟ್ಯಾನಿನ್. ಅಳಲೆಕಾಯಿಯಲ್ಲಿ, ಜಾಲಿ ತೊಗಟೆಯಲ್ಲಿ ಇರುವ ಒಗರು ಅದೇ. ಅಥಣಿ ಕಡೆಯ ಕೊಲ್ಲಾಪುರಿ ಚಪ್ಪಲಿಯ ತೊಗಲನ್ನು ಹದ ಮಾಡುವುದು ಇವೆರಡರಿಂದಲೇ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಾಲ್ಕೂ ಜಿಲ್ಲೆಗಳು ಆ ಪಟ್ಟಿಯಲ್ಲಿದ್ದವು. ಟ್ಯಾನಿನ್ ತೊಗಲಿನ ಪ್ರೋಟೀನಿಗೆ ಅಂಟಿಕೊಂಡರೆ ತೊಗಲು ಕೊಳೆಯುವುದಿಲ್ಲ. ತುಕ್ಕಿನ ಕಬ್ಬಿಣಕ್ಕೆ ಅಂಟಿಕೊಂಡರೆ ನೀಲಿಗಪ್ಪು ಬಣ್ಣದ, ನೀರಲ್ಲಿ ಕರಗದ ಪದರವಾಗುತ್ತದೆ. ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ಕಪ್ಪು. ಉದುರುವ ತುಕ್ಕನ್ನೆಲ್ಲ ತಂತಿ ಬ್ರಷ್‌ನಿಂದ ಉಜ್ಜಿ ತೆಗೆದ ಮೇಲೆ ಇದನ್ನು ಹಚ್ಚಬೇಕು. ಇದರ ಮೇಲೆ ಪ್ರೈಮರ್, ಆಮೇಲೆ ಬಣ್ಣ.

ಇನ್ನು ನಟ್ಟು ಬೋಲ್ಟು. ಮನೆಯಲ್ಲಿ ಗಾಡಿ ಬಿಚ್ಚುವವರ ಅರ್ಧ ದಿನಗಳು ಇವಕ್ಕೇ ಹೋಗುತ್ತವೆ. ಕಮಾನಿನ ಒಂದು ನಟ್ಟಿಗೆ ಪಾನಾ ಹಾಕಿ, ಪಾನಾದ ಹಿಡಿಗೆ ಪೈಪು ಸೇರಿಸಿ, ನಾನು ಮೈಭಾರವೆಲ್ಲ ಬಿಟ್ಟು ಜಗ್ಗಿದೆ. ಅಲುಗಲಿಲ್ಲ. ಸುತ್ತಿಗೆ ಎತ್ತಿದಾಗ ಮಾವ ಕೈ ಹಿಡಿದರು.

"ಹೊಡೀಬ್ಯಾಡ, ಕಾಸು. ಚಕ್ಕಡಿ ಗಾಲಿಗೆ ಪಟ್ಟಿ ಹೆಂಗ ಹಾಕ್ತಿದ್ರು, ನೋಡಿಲ್ಲೇನು?"

ನೋಡಿದ್ದೆ. ಕಮ್ಮಾರರು ಕಬ್ಬಿಣದ ಪಟ್ಟಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರದ ಗಾಲಿಗೆ ತೊಡಿಸಿ, ನೀರು ಸುರಿಯುತ್ತಿದ್ದರು. ಉಕ್ಕು ಒಂದು ಡಿಗ್ರಿ ಕಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. ಕೇಳಲು ಏನೂ ಅಲ್ಲ. ಆದರೆ 4 ಅಡಿ ಅಡ್ಡಳತೆಯ ಗಾಲಿಪಟ್ಟಿಯನ್ನು 500 ಡಿಗ್ರಿ ಕಾಯಿಸಿದರೆ ಅದರ ಅಡ್ಡಳತೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ. ತಣ್ಣಗಾದಾಗ ಮರವನ್ನು ಬಿಗಿಯಾಗಿ ತಬ್ಬಿಕೊಳ್ಳುತ್ತದೆ. ನಮ್ಮ ನಟ್ಟಿನ ಅಡ್ಡಳತೆ 20 ಮಿಲಿಮೀಟರ್ ಅಂದುಕೊಳ್ಳಿ. 400 ಡಿಗ್ರಿ ಕಾದರೆ ಅದು ಹಿಗ್ಗುವುದು 0.1 ಮಿಲಿಮೀಟರ್, ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ. ತುಕ್ಕಿನ ಹಿಡಿತ ಬಿರುಕು ಬಿಡಲು ಅಷ್ಟು ಸಾಕು. ಬೋಲ್ಟಿಗೆ ಬಿಸಿ ಹರಿಯುವ ಮೊದಲೇ ನಟ್ಟನ್ನು ಬೇಗ ಕಾಯಿಸುವುದು ಮುಖ್ಯ. ಪಕ್ಕದಲ್ಲಿ ರಬ್ಬರಾಗಲಿ, ಎಣ್ಣೆಯಾಗಲಿ, ಡೀಸೆಲ್ ಪೈಪಾಗಲಿ ಇರಬಾರದು. ಬಿಸಿ ನಟ್ಟಿನ ಅಂಚಿಗೆ ಮೇಣದಬತ್ತಿ ಮುಟ್ಟಿಸಿದೆವು. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ, ಕರಗಿದ ಮೇಣವನ್ನು ಎಳೆಗಳ ಸಂದು ತಾನೇ ಒಳಗೆ ಎಳೆದುಕೊಂಡಿತು. ಪಾನಾ ಹಾಕಿದಾಗ 'ಕಿರ್' ಎಂದು ತಿರುಗಿತು.

ಎಂಜಿನ್ ವಿಷಯ ಬೇಗ ಮುಗಿಸುತ್ತೇನೆ. ಮಹೀಂದ್ರಾದ ಹಳೆಯ ಗಾಡಿಗಳಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿ ಮೂಲದ ಎಕ್ಸ್‌ಡಿಪಿ 4.90 ಎಂಬ ಡೀಸೆಲ್ ಎಂಜಿನ್ ಸಿಗುತ್ತದೆ. ಹೆಸರಲ್ಲೇ ಲೆಕ್ಕವಿದೆ: 4 ಸಿಲಿಂಡರ್, ಒಂದೊಂದರ ಅಡ್ಡಳತೆ 90 ಮಿಲಿಮೀಟರ್. ಸಿಲಿಂಡರಿನೊಳಗೆ ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ 83 ಮಿಲಿಮೀಟರ್. ಗುಣಿಸಿ ನೋಡಿ, 2112 ಸಿಸಿ ಬರುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದರೆ ಅದು 500 ಡಿಗ್ರಿ ದಾಟುತ್ತದೆ, ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವುದೂ ಇದೇ ಕಾರಣಕ್ಕೆ. ಪಿಸ್ಟನ್ ಸುತ್ತ ಗಾಳಿ ಹೋಗದಂತೆ ಹಿಡಿಯುವ ರಿಂಗ್ ಸವೆದು ಗಾಳಿ ಸೋರಿದರೆ ಬಿಸಿ ಸಾಲುವುದಿಲ್ಲ, ಗಾಡಿ ಶುರುವಾಗುವುದಿಲ್ಲ. ನಮ್ಮದಕ್ಕೆ ಆಗಿದ್ದದ್ದು ಅಷ್ಟೇ. ರಿಂಗ್ ಬದಲಿಸಿ, ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡನ್ನು ಸಮ ಮಾಡಿಸಿಕೊಂಡು ಬಂದೆವು. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಲೇತು, ಫೌಂಡ್ರಿ, ಹೈಡ್ರಾಲಿಕ್ ಬಿಡಿಭಾಗದ ಕೆಲಸ ಬಲ್ಲ ಕೈಗಳು ಇಷ್ಟೊಂದು ಇರುವುದು ಈ ಊರಿನ ಭಾಗ್ಯ ಅಂತ ನನಗೆ ಮನಸಾರೆ ಅನ್ನಿಸುತ್ತದೆ.

ಒಂದೇ ಒಂದು ಕಡೆ ಉಳಿತಾಯ ಮಾಡಬೇಡಿ, ಬ್ರೇಕಿನಲ್ಲಿ. ಮುಚ್ಚಿದ ದ್ರವವನ್ನು ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹೋಗುತ್ತದೆ. ಪಾದದ ಬಲ ನಾಲ್ಕು ಗಾಲಿಗೆ ಮುಟ್ಟುವುದು ಹೀಗೆ. ಆದರೆ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಹೀರಿದ ದ್ರವಕ್ಕೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ಆವಿ ಸ್ಪಂಜಿನ ಹಾಗೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಲೋಡು ಸೇರಿ ಎರಡೂವರೆ ಟನ್ ತೂಗುವ ಪಿಕಪ್ ಬೆಳಗಾವಿಯಿಂದ ಗೋವಾಕ್ಕೆ ಇಳಿಯುವ ಚೋರ್ಲಾ ಘಾಟಿನಲ್ಲಿ 600 ಮೀಟರ್ ಕೆಳಗಿಳಿಯಿತು ಅಂದುಕೊಳ್ಳಿ. ಆ ಇಳಿತದ ಶಕ್ತಿಯಷ್ಟೇ ಶಾಖ ಸಿಕ್ಕರೆ 45 ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಕೆಳ ಗೇರಿನಲ್ಲಿ ಇಳಿದರೆ ಎಂಜಿನ್ ಅದರಲ್ಲಿ ದೊಡ್ಡ ಪಾಲು ಹೊರುತ್ತದೆ. ಇಲ್ಲದಿದ್ದರೆ ಅಷ್ಟೂ ಬ್ರೇಕ್ ಡ್ರಮ್ಮಿನ ಮೇಲೆ. ಪೈಪು, ರಬ್ಬರ್ ವಾಷರ್, ದ್ರವ ಎಲ್ಲವನ್ನೂ ಹೊಸದೇ ಹಾಕಿ, ಅನುಭವಿ ಮೆಕ್ಯಾನಿಕ್ಕಿನ ಕೈಯಲ್ಲಿ ಒಮ್ಮೆ ನೋಡಿಸಿ. ಡೀಸೆಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಹಚ್ಚುವುದೂ ಬೇಡ. ಖಾಲಿ ಟ್ಯಾಂಕಿನೊಳಗೆ ಉಳಿದ ಆವಿ ಸ್ಫೋಟವಾಗುತ್ತದೆ.

ಕಾಗದದ ಕೆಲಸವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿಯ ಜೊತೆ ತಾಳೆಯಾಗುತ್ತವೆಯೇ ಅಂತ ದುಡ್ಡು ಕೊಡುವ ಮೊದಲೇ ನೋಡಿ.

ನಮ್ಮ ಗಾಡಿ ಮಳೆಗಾಲಕ್ಕೆ ಸ್ವಲ್ಪ ಮೊದಲು ರಸ್ತೆಗೆ ಇಳಿಯಿತು. ಮೊದಲ ದೊಡ್ಡ ಮಳೆ ನಿಂತ ಮೇಲೆ ಮಾವ ಅಂಗಳಕ್ಕೆ ಬಂದು, ಒಂದು ಕಡ್ಡಿ ಹಿಡಿದು ಬಾಗಿಲಿನ ಬುಡದಲ್ಲಿ ಕೂತರು. ಬಾಗಿಲಿನೊಳಗೆ ಇಳಿದ ನೀರು ಹೊರಗೆ ಹೋಗಲು ಅಲ್ಲಿ ಸಣ್ಣ ತೂತುಗಳಿರುತ್ತವೆ. ಬಣ್ಣ ಹೊಡೆಯುವಾಗ ಅವು ಮುಚ್ಚಿಹೋದರೆ ನೀರು ಒಳಗೇ ನಿಲ್ಲುತ್ತದೆ. ಎರಡು ತೂತಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೂರನೆಯದರಲ್ಲಿ ಬಣ್ಣದ ತೆಳು ಪೊರೆ ಉಳಿದಿತ್ತು. ಮಾವ ಕಡ್ಡಿ ಚುಚ್ಚಿದರು. ಒಂದು ಲೋಟದಷ್ಟು ನೀರು ಅವರ ಮುಂಗೈ ಮೇಲೆ ಸುರಿಯಿತು.