ಟೆನ್ಷನ್ ಮತ್ತು ರಕ್ತನಾಳ: ಯುವತಿಯರನ್ನು ತಡವಾಗಿ ನೋಡಿದ ವಿಜ್ಞಾನ

ಎದೆ ಹಿಡಿದಂತಾಗುತ್ತದೆ ಎಂದು ಮೂವತ್ತರ ಆಸುಪಾಸಿನ ಹೆಣ್ಣುಮಗಳು ಡಾಕ್ಟರ ಬಳಿ ಹೋಗುತ್ತಾಳೆ. ಇಸಿಜಿ ಸರಿಯಾಗಿದ್ದರೆ 'ಏನಿಲ್ಲ, ಸುಮ್ನೆ ಟೆನ್ಷನ್' ಎಂಬ ಮಾತು ಕೇಳಿ ವಾಪಸಾಗುತ್ತಾಳೆ. ಆ ಟೆನ್ಷನ್ ರಕ್ತನಾಳಕ್ಕೆ ಏನು ಮಾಡುತ್ತದೆ ಎಂದು ಅವಳ ವಯಸ್ಸಿನ ಹೆಂಗಸರಲ್ಲಿ ಅಳೆದು ನೋಡಲು ವಿಜ್ಞಾನ ಬಹಳ ಕಾಲ ತೆಗೆದುಕೊಂಡಿತು.

ಶುರುವಾಗಿದ್ದು ಮಾತ್ರ ಬೇಗ. ಭಯ, ಕೋಪ ಬಂದಾಗ ಅಡ್ರಿನಲಿನ್ ಹಾರ್ಮೋನ್ ಹೇಗೆ ದೇಹವನ್ನು ಹೋರಾಟಕ್ಕೋ ಓಟಕ್ಕೋ ಸಜ್ಜು ಮಾಡುತ್ತದೆ ಎಂದು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. 1959ರಲ್ಲಿ ಅಮೆರಿಕದ ಹೃದ್ರೋಗ ವೈದ್ಯರಾದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಸದಾ ಧಾವಂತದಲ್ಲಿರುವ 'ಟೈಪ್ ಎ' ಸ್ವಭಾವಕ್ಕೂ ಹೃದ್ರೋಗಕ್ಕೂ ನಂಟು ಹಾಕಿದರು. ಅವರು ನೋಡಿದ್ದು ಗಂಡಸರನ್ನು. ಒತ್ತಡದಿಂದ ಹೃದಯ ಕೆಡಿಸಿಕೊಳ್ಳುವವನು ಎಂದರೆ ಆಫೀಸಿನ ಗಂಡಸು ಎಂಬ ಚಿತ್ರ ಆಗಲೇ ಗಟ್ಟಿಯಾಯಿತು. 1980ರ ದಶಕದಲ್ಲಿ ಆಸ್ಪಿರಿನ್ ಹಾರ್ಟ್ ಅಟ್ಯಾಕ್ ತಡೆಯುತ್ತದೆಯೇ ಎಂದು ಅಮೆರಿಕದಲ್ಲಿ 22,071 ವೈದ್ಯರ ಮೇಲೆ ಪರೀಕ್ಷೆ ನಡೆಯಿತು. ಅದರಲ್ಲಿ ಒಬ್ಬ ಹೆಣ್ಣೂ ಇರಲಿಲ್ಲ! ಸರ್ಕಾರಿ ಹಣದ ಸಂಶೋಧನೆಯಲ್ಲಿ ಹೆಂಗಸರನ್ನೂ ಸೇರಿಸಲೇಬೇಕು ಎಂಬ ಕಾನೂನು ಅಲ್ಲಿ ಬಂದದ್ದು 1993ರಲ್ಲಿ.

ಅಷ್ಟರಲ್ಲಿ ರಕ್ತನಾಳದ ಬಗೆಗಿನ ತಿಳಿವಳಿಕೆಯೇ ಬದಲಾಗಿತ್ತು. ನಾಳದ ಒಳಗೋಡೆಗೆ ಒಂದೇ ಪದರ ಜೀವಕೋಶಗಳ ಹೊದಿಕೆ ಇದೆ. ಅದೇ ಎಂಡೋಥೀಲಿಯಂ. ನಾಳ ಸಡಿಲವಾಗಲು ಈ ಪದರ ಬೇಕೇ ಬೇಕು ಎಂದು 1980ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿದರು. ಅಲ್ಲಿಂದ ಹೊರಡುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಸುತ್ತಲಿನ ಸ್ನಾಯುವನ್ನು ಸಡಿಲಿಸುತ್ತದೆ. ಈ ಕೆಲಸಕ್ಕೆ 1998ರ ನೊಬೆಲ್ ಬಂತು. 1992ರ ಹೊತ್ತಿಗೆ ಈ ಪದರದ ಕೆಲಸವನ್ನು ನೋವಿಲ್ಲದೆ ಅಳೆಯುವ ದಾರಿಯೂ ಸಿಕ್ಕಿತ್ತು. ಬಿಪಿ ಪಟ್ಟಿ ಬಿಗಿದು ತೋಳಿನ ರಕ್ತ ಕೆಲ ನಿಮಿಷ ತಡೆಯುವುದು, ಬಿಟ್ಟ ಮೇಲೆ ನಾಳ ಎಷ್ಟು ಹಿಗ್ಗುತ್ತದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡುವುದು. ಪದರ ಚೆನ್ನಾಗಿದ್ದರೆ ನಾಳ ಚೆನ್ನಾಗಿ ಹಿಗ್ಗುತ್ತದೆ.

2000ದಲ್ಲಿ ಇದೇ ವಿಧಾನದಿಂದ ಒತ್ತಡವನ್ನು ಪರೀಕ್ಷಿಸಿದರು. ಕೇವಲ 3 ನಿಮಿಷದ ಮಾನಸಿಕ ಒತ್ತಡ. ಅದು ಮುಗಿದು 90 ನಿಮಿಷವಾದರೂ ನಾಳ ಹಿಗ್ಗುವ ಪ್ರಮಾಣ ಮೊದಲಿನ ಅರ್ಧದಷ್ಟೇ ಇತ್ತು. ಸರಿಹೋಗಿದ್ದು ಸುಮಾರು 4 ಗಂಟೆಯ ನಂತರ. ಮನಸ್ಸು ಮರೆತ ಮೇಲೂ ನಾಳ ಮರೆತಿರಲಿಲ್ಲ. ಇಲ್ಲೂ ಆರೋಗ್ಯವಂತರ ಗುಂಪಿನಲ್ಲಿ ಇದ್ದವರು ಗಂಡಸರೇ.

ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್ ಹೃದಯ ಕಾಪಾಡುತ್ತದೆ, ಯುವತಿಯರಿಗೆ ಯೋಚನೆ ಬೇಡ ಎಂಬ ನಂಬಿಕೆಯೂ ಹೆಂಗಸರನ್ನು ಹೀಗೆ ಬಿಟ್ಟಿದ್ದಕ್ಕೆ ಕಾರಣ. ಅದು ಪೂರ್ತಿ ಸುಳ್ಳಲ್ಲ. ಈಸ್ಟ್ರೋಜೆನ್ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ. ಆದರೆ 1999ರಲ್ಲಿ ಸಂಶೋಧಕಿ ವಯೋಲಾ ವಕಾರಿನೊ ಮತ್ತು ಸಂಗಡಿಗರು ಬೇರೆಯದೇ ಸಂಗತಿ ತೋರಿಸಿದರು. ಹಾರ್ಟ್ ಅಟ್ಯಾಕ್ ಆಗಿ ಆಸ್ಪತ್ರೆ ಸೇರಿದ 50ರೊಳಗಿನ ಹೆಂಗಸರು, ಅದೇ ವಯಸ್ಸಿನ ಗಂಡಸರಿಗಿಂತ ಜಾಸ್ತಿ ಸಾಯುತ್ತಿದ್ದರು.

ಯಾಕೆ? ಉತ್ತರದ ಒಂದು ಭಾಗ 2018ರಲ್ಲಿ ಸಿಕ್ಕಿತು. ಆಗ ತಾನೇ ಹಾರ್ಟ್ ಅಟ್ಯಾಕ್‌ನಿಂದ ಚೇತರಿಸಿಕೊಂಡಿದ್ದ, 61 ಮೀರದವರಿಗೆ ಜನರೆದುರು ಭಾಷಣ ಮಾಡುವ ಒತ್ತಡ ಕೊಟ್ಟರು. ಹೃದಯಕ್ಕೆ ರಕ್ತ ಕಡಿಮೆಯಾಗಿದ್ದು 22% ಹೆಂಗಸರಿಗೆ, 11% ಗಂಡಸರಿಗೆ. ಅದೇ ವರ್ಷದ ಇನ್ನೊಂದು ಅಧ್ಯಯನ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಗಂಡಸರಲ್ಲಿ ಈ ಕೊರತೆಗೆ ಬಿಪಿ, ಎದೆಬಡಿತ ಏರಿದ್ದರ ಜೊತೆ ನಂಟಿತ್ತು. ಹೆಂಗಸರಲ್ಲಿ ನಂಟಿದ್ದದ್ದು ಸಣ್ಣ ರಕ್ತನಾಳಗಳು ಬಿಗಿದುಕೊಂಡಿದ್ದರ ಜೊತೆ.

ಆಂಜಿಯೋಗ್ರಾಮ್ ತೋರಿಸುವುದು ದೊಡ್ಡ ನಾಳಗಳಲ್ಲಿನ ಅಡೆತಡೆಯನ್ನು. ಸಣ್ಣ ನಾಳ ಬಿಗಿಯುವುದು ಅದರಲ್ಲಿ ಕಾಣಿಸುವುದಿಲ್ಲ. ಅದಕ್ಕೆ ಹೃದಯದ ರಕ್ತದ ಹರಿವನ್ನೇ ಅಳೆಯಬೇಕು, ಪಿಇಟಿ ಸ್ಕ್ಯಾನ್‌ನಲ್ಲೋ, ನಾಳಕ್ಕೆ ಔಷಧಿ ಬಿಟ್ಟು ನೋಡಿಯೋ. ರಿಪೋರ್ಟ್ ಕ್ಲೀನ್ ಇದ್ದೂ ನೋವು ಮರಳುತ್ತಿದ್ದರೆ, ಅದರಲ್ಲೂ ಮನಸ್ಸಿಗೆ ಒತ್ತಡವಾದಾಗಲೇ ಬರುತ್ತಿದ್ದರೆ, ಈ ಪರೀಕ್ಷೆಗಳ ಬಗ್ಗೆ ಕೇಳುವ ಹಕ್ಕು 'ಸುಮ್ನೆ ಟೆನ್ಷನ್' ಎಂದು ವಾಪಸ್ ಕಳಿಸಿದ ಆ ಹೆಣ್ಣುಮಗಳಿಗಿದೆ.